ಸುಳ್ಳು ತಕ್ಕಡಿಯಲ್ಲಿ ನಿಜ ತೂಕ: ಮನೆಯಲ್ಲೇ ಮಾಡಿದ ರೇಡಿಯೊ ಮಾಪಕಗಳನ್ನು ನಂಬುವುದು ಹೇಗೆ?

ದಿನಸಿ ಅಂಗಡಿಯ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುತ್ತದೆ. ಗ್ರಾಹಕನಿಗೆ ಅನುಮಾನ ಬಂದರೆ ಮುದ್ರೆಯನ್ನು ನೋಡಬಹುದು, ಬೇಡವೆಂದರೆ ದೂರು ಕೊಡಬಹುದು. ಆದರೆ ಮನೆಯ ಕೋಣೆಯೊಂದರಲ್ಲಿ, ಬೆಸುಗೆ ಕಡ್ಡಿ ಮತ್ತು ಮಲ್ಟಿಮೀಟರ್ ಮಾತ್ರ ಇಟ್ಟುಕೊಂಡು ರೇಡಿಯೊ ತರಂಗಗಳ ಶಕ್ತಿಯನ್ನೋ ಕಂಪನಾಂಕವನ್ನೋ ಅಳೆಯುವ ಉಪಕರಣವನ್ನು ಕಟ್ಟಿದ ಹವ್ಯಾಸಿಗೆ ಮುದ್ರೆ ಒತ್ತಿಕೊಡುವವರು ಯಾರು? ಆ ಉಪಕರಣ 'ಐದು ಮಿಲಿವಾಟ್' ಎಂದು ತೋರಿಸಿದರೆ ಅದು ಐದೇ ಎಂದು ನಂಬಲು ಆಧಾರವೇನು?

ಇದು ಕೆಲವೇ ಮಂದಿಯ ಪ್ರಶ್ನೆಯಾಗಿ ಉಳಿದಿಲ್ಲ. ಹೈದರಾಬಾದಿನ ಅಶ್ಹರ್ ಫರ್ಹಾನ್ ವಿನ್ಯಾಸಗೊಳಿಸಿದ ಬಿಟ್‌ಎಕ್ಸ್ ಮಾದರಿಯ ಟ್ರಾನ್ಸೀವರ್‌ಗಳು ಭಾರತದ ಹವ್ಯಾಸಿ ರೇಡಿಯೊ ವಲಯದಲ್ಲಿ, ಅಂದರೆ 'ಹ್ಯಾಮ್'ಗಳ ನಡುವೆ, ಸ್ವತಃ ಕಟ್ಟುವ ಹುರುಪನ್ನು ಮರಳಿ ತಂದವು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳು ದೊರೆಯುತ್ತವೆ. ಸಿಗದಿದ್ದುದನ್ನು ಅಂತರಜಾಲದ ಮೂಲಕ ತರಿಸಿಕೊಳ್ಳಬಹುದು. 2019ರ ಸುಮಾರಿಗೆ 'ನ್ಯಾನೊವಿಎನ್‌ಎ' ಎಂಬ ಅಂಗೈಯಗಲದ ಆಂಟೆನಾ ವಿಶ್ಲೇಷಕ ಮಾರುಕಟ್ಟೆಗೆ ಬಂದ ಮೇಲಂತೂ ಹಿಂದೆ ದೊಡ್ಡ ಪ್ರಯೋಗಾಲಯಗಳಲ್ಲಿ ಮಾತ್ರ ಇದ್ದ ಅಳತೆ ವಿದ್ಯಾರ್ಥಿಗಳ ಕೈಗೂ ಎಟುಕಿತು. ಅಂಕಿ ತೋರಿಸುವ ಪರದೆ ಅಗ್ಗವಾಯಿತು, ಆದರೆ ಆ ಅಂಕಿಯ ಮೇಲಿನ ಭರವಸೆ ಅದರೊಂದಿಗೆ ಬರಲಿಲ್ಲ. ದಶಮಾಂಶದ ನಂತರ ಎರಡು ಸ್ಥಾನಗಳು ಕಂಡವೆಂದರೆ ಅಷ್ಟು ನಿಖರತೆ ಇದೆಯೆಂದು ಅರ್ಥವಲ್ಲ.

ತಪ್ಪು ಅಳತೆಗೆ ತೆರಬೇಕಾದ ಬೆಲೆ ಸಣ್ಣದೇನಲ್ಲ. ಭೌತಶಾಸ್ತ್ರದ ನೊಬೆಲ್ ಪುರಸ್ಕೃತ ಜೋ ಟೇಲರ್ 2008ರಲ್ಲಿ ರೂಪಿಸಿದ 'ವಿಸ್ಪರ್' ಎಂಬ ಸಂವಹನ ಕ್ರಮವನ್ನೇ ನೋಡಬಹುದು. ಒಂದು ವಾಟ್‌ಗಿಂತ ಕಡಿಮೆ ಶಕ್ತಿಯ ಸಂಕೇತವನ್ನೂ ಸಾವಿರಾರು ಕಿಲೋಮೀಟರ್ ಆಚೆ ಗುರುತಿಸಬಲ್ಲ ಈ ಕ್ರಮಕ್ಕೆ 14.0971 ಮೆಗಾಹರ್ಟ್ಸ್ ಸುತ್ತ ಮೀಸಲಿರುವ ಕಿಂಡಿಯ ಅಗಲ ಕೇವಲ 200 ಹರ್ಟ್ಸ್. ಅಗ್ಗದ ಸ್ಫಟಿಕವೊಂದು ಹತ್ತು ಲಕ್ಷಕ್ಕೆ 20 ಪಾಲಿನಷ್ಟು ತಪ್ಪಿದರೂ ಸಂಕೇತ 282 ಹರ್ಟ್ಸ್‌ನಷ್ಟು ಸರಿದು ಕಿಂಡಿಯಿಂದ ಹೊರಗೆ ಬೀಳುತ್ತದೆ. ಪ್ರೇಷಕ ಚೆನ್ನಾಗಿದೆ, ಆಂಟೆನಾ ಚೆನ್ನಾಗಿದೆ, ಕಳುಹಿಸುವುದೂ ನಡೆದಿದೆ. ಜಗತ್ತಿನಲ್ಲಿ ಒಬ್ಬರಿಗೂ ಕೇಳಿಸುತ್ತಿಲ್ಲ. ಕಾರಣ ತಿಳಿಯದೆ ವಾರಗಟ್ಟಲೆ ಆಂಟೆನಾ ತಂತಿಯನ್ನು ಕತ್ತರಿಸುತ್ತ, ಜೋಡಿಸುತ್ತ ಕೂರುವುದಷ್ಟೇ ಉಳಿಯುತ್ತದೆ. ಶಕ್ತಿಯನ್ನು ಕಡಿಮೆ ತೋರಿಸುವ ಮಾಪಕವನ್ನು ನಂಬಿದವನು ಇನ್ನಷ್ಟು ಹಿಗ್ಗಿಸಲು ಹೋಗಿ ಟ್ರಾನ್ಸಿಸ್ಟರ್ ಸುಟ್ಟುಕೊಳ್ಳುತ್ತಾನೆ, ಇಲ್ಲವೇ ಪರವಾನಗಿಯ ಮಿತಿಯನ್ನು ತನಗೇ ಅರಿವಿಲ್ಲದೆ ದಾಟುತ್ತಾನೆ.

ತಿರುಗಿಸುವುದಲ್ಲ, ಹೋಲಿಸುವುದು

ಕ್ಯಾಲಿಬ್ರೇಷನ್ ಎಂದೊಡನೆ ಸಣ್ಣ ಸ್ಕ್ರೂಡ್ರೈವರ್ ಹಿಡಿದು ಪ್ರಿಸೆಟ್ ತಿರುಗಿಸುವ ಚಿತ್ರ ಕಣ್ಣಮುಂದೆ ಬರುತ್ತದೆ. ಅದು ಹೊಂದಾಣಿಕೆಯೇ ಹೊರತು ಕ್ಯಾಲಿಬ್ರೇಷನ್ ಅಲ್ಲ. ಉಪಕರಣ ತೋರಿಸುವ ಅಂಕಿಯನ್ನು ಗೊತ್ತಿರುವ ಪರಿಮಾಣದೊಡನೆ ತಾಳೆ ನೋಡಿ, ವ್ಯತ್ಯಾಸವನ್ನು ಬರೆದಿಡುವುದು ಕ್ಯಾಲಿಬ್ರೇಷನ್. ವ್ಯತ್ಯಾಸ ಎಷ್ಟೆಂದು ತಿಳಿದ ಮೇಲೆ ಅದನ್ನು ಸರಿಪಡಿಸದೆ ಹಾಗೆಯೇ ಬಿಟ್ಟರೂ ಅಡ್ಡಿಯಿಲ್ಲ, ಲೆಕ್ಕದಲ್ಲಿ ಕಳೆದುಕೊಂಡರೆ ಸಾಕು.

ತೂಕದ ವಿದ್ಯೆಯಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ. ತಕ್ಕಡಿಯ ಎರಡು ತೋಳುಗಳು ಸಮವಿಲ್ಲ ಎಂದಿಟ್ಟುಕೊಳ್ಳೋಣ. ತೂಗಬೇಕಾದ ವಸ್ತುವನ್ನು ಒಂದು ತಟ್ಟೆಯಲ್ಲಿಟ್ಟು, ಇನ್ನೊಂದಕ್ಕೆ ಮರಳು ಸುರಿದು ಮುಳ್ಳನ್ನು ಮಧ್ಯಕ್ಕೆ ತರಬೇಕು. ಆಮೇಲೆ ವಸ್ತುವನ್ನು ತೆಗೆದು, ಅದೇ ತಟ್ಟೆಗೆ ಬಟ್ಟುಗಳನ್ನು ಹಾಕುತ್ತ ಮತ್ತೆ ಮುಳ್ಳನ್ನು ಮಧ್ಯಕ್ಕೆ ತರಬೇಕು. ಬಟ್ಟುಗಳ ತೂಕವೇ ವಸ್ತುವಿನ ತೂಕ. ತಕ್ಕಡಿ ಎಷ್ಟೇ ಸುಳ್ಳು ಹೇಳಿದರೂ ಎರಡೂ ಬಾರಿ ಒಂದೇ ಸುಳ್ಳು ಹೇಳಿದೆಯಾದ್ದರಿಂದ ಉತ್ತರ ಕೆಡುವುದಿಲ್ಲ. 18ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬೋರ್ಡಾನ ಹೆಸರಿನಲ್ಲಿ ಈ ಕ್ರಮ ಪ್ರಸಿದ್ಧವಾಗಿದೆ. ಇಲ್ಲಿ ತಕ್ಕಡಿ ಸ್ಥಿರವಾಗಿದ್ದರೆ ಸಾಕು, ನಿಜವಾಗಿರಬೇಕೆಂದಿಲ್ಲ. ನಿಜವಾಗಿರಬೇಕಾದುದು ಬಟ್ಟು ಮಾತ್ರ. ಸಾಮಾನ್ಯ ಮನೆಯಲ್ಲಿ ರೇಡಿಯೊ ಅಳತೆ ಸಾಧ್ಯವಾಗಿರುವುದು ಈ ಒಂದು ಯುಕ್ತಿಯ ಬಲದಿಂದ.

ಶಾಖದ ಸಾಕ್ಷ್ಯ

ರೇಡಿಯೊ ಶಕ್ತಿಯನ್ನು ಅಳೆಯಲು ಮನೆಯಲ್ಲಿರುವ ಬಟ್ಟು ಯಾವುದು? ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಸೆಕೆಂಡಿಗೆ ಲಕ್ಷಾಂತರ ಬಾರಿ ಏರಿಳಿಯುವ ರೇಡಿಯೊ ವೋಲ್ಟೇಜಿನ ಎದುರು ಅದು ಕುರುಡು. ಆದರೆ ಬ್ಯಾಟರಿಯಂಥ ನೇರ ವಿದ್ಯುತ್ತನ್ನು ಶೇ. 1ಕ್ಕಿಂತ ಕಡಿಮೆ ದೋಷದಲ್ಲಿ ಅಳೆಯುತ್ತದೆ. ಕಾಣದ ರೇಡಿಯೊ ಶಕ್ತಿಯನ್ನು ಕಾಣುವ ನೇರ ವಿದ್ಯುತ್ತಿನೊಡನೆ ಹೋಲಿಸಲು ಮಧ್ಯಸ್ಥಿಕೆ ವಹಿಸುವುದು ಶಾಖ. ಅರ್ಧ ವಾಟ್ ಎಂದರೆ ಯಾವ ರೂಪದಲ್ಲಿ ಬಂದರೂ ರೆಸಿಸ್ಟರನ್ನು ಅಷ್ಟೇ ಬಿಸಿ ಮಾಡುತ್ತದೆ.

ವಿಧಾನ ಸರಳ. ರೇಡಿಯೊ ಜಗತ್ತಿನ ರೂಢಿಯ ಭಾರವಾದ 50 ಓಮ್ ಬರುವಂತೆ ಹಲವು ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳನ್ನು ಸಮಾಂತರವಾಗಿ ಜೋಡಿಸಬೇಕು. ತಂತಿ ಸುತ್ತಿದ ರೆಸಿಸ್ಟರ್ ಕೂಡದು. ಅದು ಸುರುಳಿಯಂತೆ ವರ್ತಿಸಿ ಲೆಕ್ಕ ಕೆಡಿಸುತ್ತದೆ. ರೆಸಿಸ್ಟರ್‌ಗಳಿಗೆ ತಾಗಿದಂತೆ ಒಂದು ಥರ್ಮಿಸ್ಟರ್ ಅಂಟಿಸಿ, ಎಲ್ಲವನ್ನೂ ಥರ್ಮೋಕೋಲ್ ಡಬ್ಬಿಯೊಳಗೆ ಮುಚ್ಚಬೇಕು. ಪರವಾನಗಿ ಇರುವ ಹವ್ಯಾಸಿ ತನ್ನ ಸಣ್ಣ ಪ್ರೇಷಕದಿಂದ ಈ ಡಬ್ಬಿಗೆ ರೇಡಿಯೊ ಶಕ್ತಿಯನ್ನು ಹರಿಸಿ, ಹತ್ತು ಹದಿನೈದು ನಿಮಿಷ ಕಾದು, ಥರ್ಮಿಸ್ಟರಿನ ಅಂಕಿ ಒಂದೆಡೆ ನಿಂತ ಮೇಲೆ ಬರೆದುಕೊಳ್ಳಬೇಕು. ಅನಂತರ ಪ್ರೇಷಕವನ್ನು ಬಿಡಿಸಿ, ಬದಲಾಯಿಸಬಹುದಾದ ನೇರ ವಿದ್ಯುತ್ ಮೂಲವನ್ನು ಜೋಡಿಸಿ, ಥರ್ಮಿಸ್ಟರ್ ಮತ್ತೆ ಅದೇ ಅಂಕಿಗೆ ಬರುವಂತೆ ವೋಲ್ಟೇಜನ್ನು ಹೊಂದಿಸಬೇಕು. ಈ ಹೊತ್ತಿನಲ್ಲಿ ಕೋಣೆಯ ಫ್ಯಾನ್ ಆರಿಸಿರುವುದು ಒಳ್ಳೆಯದು.

ರೆಸಿಸ್ಟರ್ 49.6 ಓಮ್ ಇದ್ದು, ವೋಲ್ಟೇಜ್ 4.87 ಬಂತೆನ್ನೋಣ. ವೋಲ್ಟೇಜಿನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ 0.478 ವಾಟ್. ಪ್ರೇಷಕ ಕೊಡುತ್ತಿದ್ದುದು ಅಷ್ಟೇ. ಥರ್ಮಿಸ್ಟರಿನ ಅಂಕಿಗೆ ಎಷ್ಟು ಡಿಗ್ರಿ ತಾಪ ಎಂಬುದು ತಿಳಿಯಬೇಕಾಗಿಯೇ ಇಲ್ಲ. ಅದು ಇಲ್ಲಿ ಮರಳು ತುಂಬಿದ ತಟ್ಟೆ ಮಾತ್ರ. ರಾಷ್ಟ್ರೀಯ ಮಾನಕ ಪ್ರಯೋಗಾಲಯಗಳು ರೇಡಿಯೊ ಶಕ್ತಿಯನ್ನು ನೇರ ವಿದ್ಯುತ್ತಿಗೆ ಜೋಡಿಸಿರುವುದೂ ಶಾಖದ ಇದೇ ತತ್ತ್ವದಿಂದ. ಥರ್ಮೋಕೋಲ್ ಡಬ್ಬಿ ಅದರ ಬಡ ನೆಂಟ ಎನ್ನಬಹುದು, ಆದರೆ ನೆಂಟಸ್ತಿಕೆ ನಿಜವಾದದ್ದು.

ಈ ವಿಧಾನಕ್ಕೆ ಗಡಿಯೂ ಉಂಟು. ರೆಸಿಸ್ಟರಿನ ಒಂದು ಸೆಂಟಿಮೀಟರ್ ಕಾಲು ಸುಮಾರು 10 ನ್ಯಾನೊಹೆನ್ರಿ ಇಂಡಕ್ಟೆನ್ಸ್ ಹೊಂದಿರುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ಅದು ಅರ್ಧ ಓಮ್‌ಗೂ ಕಡಿಮೆ, ಮರೆತುಬಿಡಬಹುದು. 145 ಮೆಗಾಹರ್ಟ್ಸ್‌ನಲ್ಲಿ 9 ಓಮ್ ದಾಟುತ್ತದೆ. ಆದ್ದರಿಂದ ಕಾಲುಗಳನ್ನು ಆದಷ್ಟು ಗಿಡ್ಡವಾಗಿ ಕತ್ತರಿಸಬೇಕು. ಕಂಪನಾಂಕ ಏರಿದಂತೆ ಭರವಸೆಯನ್ನು ಇಳಿಸಿಕೊಳ್ಳಬೇಕು.

19.7 ಎಂದು ಬರೆದ ಡಬ್ಬಿ

ಅರ್ಧ ವಾಟ್ ಸಿಕ್ಕಿತು. ಆದರೆ ಕೆಲಸಕ್ಕೆ ಬೇಕಾದುದು ಬಹುಪಾಲು ಮಿಲಿವಾಟ್ ಮತ್ತು ಅದಕ್ಕೂ ಸಾವಿರಾರು ಪಾಲು ಕಡಿಮೆಯ ಅಳತೆಗಳು. ಇಷ್ಟು ವಿಶಾಲವಾದ ಹರವನ್ನು ಡೆಸಿಬೆಲ್ ಎಂಬ ಮೆಟ್ಟಿಲುಗಳಲ್ಲಿ ಎಣಿಸುತ್ತಾರೆ: 10 ಡೆಸಿಬೆಲ್ ಎಂದರೆ ಹತ್ತು ಪಟ್ಟು, 20 ಎಂದರೆ ನೂರು ಪಟ್ಟು. ಒಂದು ಮಿಲಿವಾಟ್ ಅನ್ನು ಸೊನ್ನೆ ಎಂದಿಟ್ಟುಕೊಂಡ ಎಣಿಕೆಗೆ ಡಿಬಿಎಂ ಎಂದು ಹೆಸರು. ಮೇಲಿನ 0.478 ವಾಟ್ ಈ ಎಣಿಕೆಯಲ್ಲಿ 26.8 ಡಿಬಿಎಂ.

ಕೆಳಗಿಳಿಯುವ ಮೆಟ್ಟಿಲು ಮೂರು ರೆಸಿಸ್ಟರ್‌ಗಳ ಅಟೆನ್ಯುಯೇಟರ್. ಸರಿಯಾಗಿ 20 ಡೆಸಿಬೆಲ್ ತಗ್ಗಿಸಲು ಇಕ್ಕೆಲಗಳಲ್ಲಿ 61.1 ಓಮ್ ಮತ್ತು ನಡುವೆ 247.5 ಓಮ್ ಬೇಕು. ಅಂಗಡಿಯಲ್ಲಿ ಸಿಗುವುದು 62 ಮತ್ತು 240. ಅವನ್ನೇ ಹಾಕಿದರೆ ಏನಾಗುತ್ತದೆ? ಅಟೆನ್ಯುಯೇಟರ್ ಬರೀ ರೆಸಿಸ್ಟರ್‌ಗಳಿಂದ ಆದುದರಿಂದ ನೇರ ವಿದ್ಯುತ್ತಿಗೂ ಅದೇ ರೀತಿ ವರ್ತಿಸುತ್ತದೆ. ಮಲ್ಟಿಮೀಟರ್ ಇಲ್ಲಿಯೂ ಸಾಕ್ಷಿ ಹೇಳಬಲ್ಲದು. ಹೊರಬಾಗಿಲಿಗೆ 50 ಓಮ್ ಜೋಡಿಸಿ, ಒಳಬಾಗಿಲಿಗೆ 2 ವೋಲ್ಟ್ ಕೊಟ್ಟರೆ ಹೊರಗೆ ಸುಮಾರು 0.207 ವೋಲ್ಟ್ ಕಾಣುತ್ತದೆ. ಸರಿಯಾದ 20 ಡೆಸಿಬೆಲ್ ಆಗಿದ್ದರೆ 0.200 ಇರಬೇಕಿತ್ತು. ಅಂದರೆ ಇದು 19.7 ಡೆಸಿಬೆಲ್‌ನ ಅಟೆನ್ಯುಯೇಟರ್. ಅದನ್ನು 20ಕ್ಕೆ ಎಳೆದು ತರಲು ರಾತ್ರಿಯೆಲ್ಲ ರೆಸಿಸ್ಟರ್ ಹುಡುಕುವವರಿದ್ದಾರೆ. ಡಬ್ಬಿಯ ಮೇಲೆ 19.7 ಎಂದು ಬರೆದಿಡುವವರು ಹೆಚ್ಚು ಜಾಣರು. ಅರ್ಧ ವಾಟ್ ಹಾಯಿಸುವ ಮೊದಲ ಮೆಟ್ಟಿಲಿಗೆ ಒಂದು ವಾಟ್ ತಾಳುವ ರೆಸಿಸ್ಟರ್‌ಗಳನ್ನು ಬಳಸಬೇಕು, ಇಲ್ಲದಿದ್ದರೆ ಬಿಸಿಯೇರಿ ಬೆಲೆ ಬದಲಾದೀತು.

ಈಗ ಅಳೆಯಬೇಕಾದ ಮಾಪಕದ ಸರದಿ. ಮನೆಯಲ್ಲಿ ಕಟ್ಟುವ ಶಕ್ತಿಮಾಪಕಗಳಲ್ಲಿ ಬಹಳಷ್ಟಕ್ಕೆ ಎಡಿ8307 ಎಂಬ ಚಿಪ್ಪೇ ಹೃದಯ. ವೆಸ್ ಹೇವರ್ಡ್ ಮತ್ತು ಬಾಬ್ ಲಾರ್ಕಿನ್ 2001ರ ಜೂನ್ ತಿಂಗಳ 'ಕ್ಯೂಎಸ್‌ಟಿ' ಪತ್ರಿಕೆಯಲ್ಲಿ ಇದನ್ನು ಬಳಸಿದ ಸರಳ ಮಾಪಕವನ್ನು ವಿವರಿಸಿದ ಮೇಲೆ ಅದು ಜಗತ್ತಿನ ಹವ್ಯಾಸಿಗಳ ಮನೆಮಾತಾಯಿತು. 500 ಮೆಗಾಹರ್ಟ್ಸ್‌ವರೆಗೆ ಕೆಲಸ ಮಾಡುವ ಈ ಚಿಪ್, ಪ್ರತಿ ಡೆಸಿಬೆಲ್‌ಗೆ 25 ಮಿಲಿವೋಲ್ಟ್‌ನಂತೆ ಏರುವ ವೋಲ್ಟೇಜನ್ನು ಹೊರಡಿಸುತ್ತದೆ. ಮೈನಸ್ 84 ಡಿಬಿಎಂ ಅದರ ಲೆಕ್ಕದ ಸೊನ್ನೆ. ತಯಾರಕರ ಕೈಪಿಡಿಯಲ್ಲಿರುವ ಈ ಅಂಕಿಗಳು ಮಾದರಿ ಅಂಕಿಗಳು. ಕೈಗೆ ಬಂದ ಚಿಪ್ಪಿನ ಸ್ವಭಾವ ತುಸು ಬೇರೆಯಿರುತ್ತದೆ.

ಒಂದು ಅಟೆನ್ಯುಯೇಟರ್ ಮೂಲಕ ಬಂದ 7.1 ಡಿಬಿಎಂಗೆ ಚಿಪ್ 2.236 ವೋಲ್ಟ್ ಕೊಟ್ಟಿತು, ಅಂಥದ್ದೇ ಎರಡನೆಯದನ್ನೂ ಸೇರಿಸಿದಾಗ 1.753 ಎಂದಿಟ್ಟುಕೊಳ್ಳೋಣ. ವ್ಯತ್ಯಾಸ 483 ಮಿಲಿವೋಲ್ಟ್, ಅದನ್ನು 19.7ರಿಂದ ಭಾಗಿಸಿದರೆ ಈ ಚಿಪ್ಪಿನ ನಿಜವಾದ ಏರಿಕೆ ಡೆಸಿಬೆಲ್‌ಗೆ 24.5 ಮಿಲಿವೋಲ್ಟ್. ಕೈಪಿಡಿಯನ್ನೇ ನಂಬಿ 25 ಎಂದು ಲೆಕ್ಕ ಹಾಕಿದ್ದರೆ ಮೊದಲ ಅಳತೆ 7.1ರ ಬದಲು 5.4 ಡಿಬಿಎಂ ಎಂದು ತೋರುತ್ತಿತ್ತು. ಐದು ಮಿಲಿವಾಟ್ ಇದ್ದಲ್ಲಿ ಮೂರೂವರೆ! ಎರಡು ಬಿಂದುಗಳ ಒಂದು ಸರಳ ರೇಖೆ ಈ ತಪ್ಪನ್ನು ತೊಡೆದುಹಾಕಿತು. ಎಲ್ಲ ಮುಗಿದ ಮೇಲೆ ಪ್ರೇಷಕ ನಡುವೆ ಬದಲಾಗಿಲ್ಲ ಎಂಬುದನ್ನು ಮತ್ತೊಮ್ಮೆ ನೋಡುವುದು ವಿಹಿತ. ಇಷ್ಟು ಎಚ್ಚರ ವಹಿಸಿದರೆ ಅರ್ಧ ಡೆಸಿಬೆಲ್, ಅಂದರೆ ಶೇ. 12ರೊಳಗಿನ ದೋಷವನ್ನು ಮನೆಯಲ್ಲೇ ಸಾಧಿಸಬಹುದು. ಹವ್ಯಾಸಿಯ ಕೆಲಸಕ್ಕೆ ಅದು ಧಾರಾಳ.

ಕೆಳಮಟ್ಟದ ಅಳತೆಯಲ್ಲಿ ಕಾಡುವುದು ಸೋರಿಕೆ. ತಗಡಿನ ಡಬ್ಬಿಯೊಳಗೆ ಮುಚ್ಚದ ಮಾಪಕ ಊರಿನ ಎಫ್‌ಎಂ ಕೇಂದ್ರಗಳನ್ನೆಲ್ಲ ಕೇಳಿಸಿಕೊಂಡು ಕೂರುತ್ತದೆ. ಒಳಬಾಗಿಲಿಗೆ ಏನನ್ನೂ ಜೋಡಿಸದಿದ್ದಾಗಲೂ ಮುಳ್ಳು ಮೇಲೆಯೇ ನಿಂತಿದ್ದರೆ, ಅದು ತೋರಿಸುತ್ತಿರುವುದು ಹವ್ಯಾಸಿಯ ಪ್ರೇಷಕವನ್ನಲ್ಲ.

ಡಯೋಡ್ ಬಳಸಿದ ಅಗ್ಗದ ಮಾಪಕಗಳ ಬಗ್ಗೆಯೂ ಒಂದು ಮಾತು. ಅವು ಅಳೆಯುವುದು ತರಂಗದ ತುದಿಯನ್ನು ಮಾತ್ರ. 50 ಓಮ್ ಮೇಲೆ ಒಂದು ವೋಲ್ಟ್ ತುದಿಯ ಶುದ್ಧ ತರಂಗದಲ್ಲಿ 10 ಮಿಲಿವಾಟ್ ಇದ್ದರೆ, ಅದೇ ತುದಿಯ ಚೌಕ ತರಂಗದಲ್ಲಿ 20 ಮಿಲಿವಾಟ್ ಇರುತ್ತದೆ. ಡಯೋಡಿಗೆ ಎರಡೂ ಒಂದೇ. ಈಗ ಎಲ್ಲೆಡೆ ಬಳಕೆಯಲ್ಲಿರುವ ಎಸ್‌ಐ5351 ಮಾದರಿಯ ತರಂಗ ಜನಕಗಳು ಹೊರಡಿಸುವುದು ಚೌಕ ತರಂಗವನ್ನೇ. ನಡುವೆ ಲೋ-ಪಾಸ್ ಫಿಲ್ಟರ್ ಇಡದೆ ತಾಳೆ ನೋಡಿದರೆ ಎರಡು ಪಟ್ಟು ತಪ್ಪಿಗೂ ಅವಕಾಶ ಕೊಟ್ಟಂತೆ.

ಆಕಾಶದಿಂದ ಬರುವ ಸೆಕೆಂಡು

ಕಂಪನಾಂಕದ ವಿಚಾರದಲ್ಲಿ ಇಂದಿನ ಹವ್ಯಾಸಿ ಅದೃಷ್ಟವಂತ. ಹಿಂದೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ 'ಎಟಿಎ' ಎಂಬ ಕರೆಸಂಕೇತದಲ್ಲಿ 10 ಮೆಗಾಹರ್ಟ್ಸ್ ಮುಂತಾದೆಡೆ ಸಮಯ ಸಂಕೇತ ಬಿತ್ತರಿಸುತ್ತಿದ್ದ ಕಾಲವಿತ್ತು. ಅದನ್ನು ರಿಸೀವರಿನಲ್ಲಿ ಹಿಡಿದು, ತನ್ನ ಸ್ಫಟಿಕದ ತರಂಗದೊಡನೆ ಬೆರೆಸಿ, ಎರಡರ ನಡುವಿನ ಸಿಳ್ಳು ಇಳಿಯುತ್ತ ಇಳಿಯುತ್ತ ನಿಂತುಹೋಗುವವರೆಗೆ ಹೊಂದಿಸುವುದು ರೂಢಿಯಾಗಿತ್ತು. ದೂರದ ಕಿರುತರಂಗ ಸಂಕೇತ ಅಯಾನುಗೋಳದಿಂದ ಪ್ರತಿಫಲಿಸಿ ಬರುವಾಗ ಕೋಟಿಗೆ ಒಂದು ಪಾಲಿನಷ್ಟು ಅಲುಗಾಡುತ್ತದೆ ಎಂಬುದನ್ನು ಬಿಟ್ಟರೆ ಆ ವಿಧಾನ ಉತ್ತಮವೇ. ಮಧ್ಯಮ ತರಂಗದ ಪ್ರಸಾರ ಕೇಂದ್ರವನ್ನು ಆಧಾರವಾಗಿ ಹಿಡಿಯಬಹುದೇ ಎಂದು ಕೇಳುವವರಿದ್ದಾರೆ. ಅಂತರರಾಷ್ಟ್ರೀಯ ನಿಯಮ ಅಂಥ ಕೇಂದ್ರಗಳಿಗೆ 10 ಹರ್ಟ್ಸ್ ಆಚೀಚೆಯಾಗಲು ಅವಕಾಶ ಕೊಟ್ಟಿದೆ. ಬೆಂಗಳೂರು ಆಕಾಶವಾಣಿಯ ಕೇಳುಗರಿಗೆ ಚಿರಪರಿಚಿತವಾದ 612 ಕಿಲೋಹರ್ಟ್ಸ್‌ನಲ್ಲಿ ಅದು ಹತ್ತು ಲಕ್ಷಕ್ಕೆ 16 ಪಾಲು. ನಿಯಮ ಇಷ್ಟನ್ನೇ ಖಾತ್ರಿಪಡಿಸುವುದಾದರೆ ಹವ್ಯಾಸಿಯ ಬಳಿಯಿರುವ ಸ್ಫಟಿಕಕ್ಕಿಂತ ಅದೇನೂ ಮೇಲಲ್ಲ.

ಈಗಿನ ದಾರಿ ಜಿಪಿಎಸ್. ಉಪಗ್ರಹಗಳಲ್ಲಿರುವ ಪರಮಾಣು ಗಡಿಯಾರಗಳನ್ನು ಅನುಸರಿಸಿ, ಸಣ್ಣ ಜಿಪಿಎಸ್ ಮಾಡ್ಯೂಲ್ ಪ್ರತಿ ಸೆಕೆಂಡಿಗೊಂದು ಮಿಡಿತ ಕೊಡುತ್ತದೆ. ನಿಯೊ-6ಎಂನಂಥ ಸಾಮಾನ್ಯ ಮಾಡ್ಯೂಲಿನಲ್ಲೂ ಆ ಮಿಡಿತ ಸುಮಾರು 30 ನ್ಯಾನೊಸೆಕೆಂಡಿನಷ್ಟು ಮಾತ್ರ ಆಚೀಚೆಯಾಗುತ್ತದೆ. ಎರಡು ಮಿಡಿತಗಳ ನಡುವೆ 10 ಮೆಗಾಹರ್ಟ್ಸ್ ಸ್ಫಟಿಕದ ಅಲೆಗಳನ್ನು ಎಣಿಸಿದರೆ ಒಂದು ಕೋಟಿ ಬರಬೇಕು. ಬಂದ ಲೆಕ್ಕ 1,00,00,083 ಆದರೆ ಸ್ಫಟಿಕ 83 ಹರ್ಟ್ಸ್ ಮುಂದಿದೆ. ಒಂದು ಸೆಕೆಂಡಿನ ಬದಲು ನೂರು ಸೆಕೆಂಡು ಎಣಿಸಿದರೆ ನಿಖರತೆ ನೂರು ಪಟ್ಟು ಏರುತ್ತದೆ. ಇಲ್ಲಿಯೂ ಸ್ಫಟಿಕವನ್ನು ತಿದ್ದಬೇಕಾಗಿಲ್ಲ, 83 ಎಂಬುದನ್ನು ತಂತ್ರಾಂಶಕ್ಕೆ ತಿಳಿಸಿದರೆ ಸಾಕು. ಉಪಕರಣವನ್ನು ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟ ಮೇಲೆ ಎಣಿಸಬೇಕು ಎಂಬುದನ್ನು ಮಾತ್ರ ಮರೆಯಬಾರದು. ತಾಪ ಬದಲಾದಂತೆ ಸ್ಫಟಿಕವೂ ಸರಿಯುತ್ತದೆ. ಜನವರಿಯ ಬೆಳಗಿನ ಅಂಕಿ ಏಪ್ರಿಲ್ ಮಧ್ಯಾಹ್ನಕ್ಕೆ ಒಗ್ಗುವುದಿಲ್ಲ.

ಹೇಳಿದ್ದನ್ನೇ ನಂಬುವ ಉಪಕರಣ

ನ್ಯಾನೊವಿಎನ್‌ಎ ಬಳಸುವವರು ಪ್ರತಿ ಬಾರಿ ತೆರೆದ ತುದಿ, ಮುಚ್ಚಿದ ತುದಿ ಮತ್ತು 50 ಓಮ್ ಭಾರವನ್ನು ಜೋಡಿಸಿ 'ಕ್ಯಾಲಿಬ್ರೇಟ್' ಗುಂಡಿ ಒತ್ತುತ್ತಾರೆ. ಪರದೆಯ ಮೇಲಿನ ಬಿಂದು ಸರಿಯಾಗಿ ನಡುವೆ ಬಂದು ನಿಂತಾಗ ತೃಪ್ತಿಯಾಗುತ್ತದೆ. ಆ ತೃಪ್ತಿಗೆ ಆಧಾರ ಕಡಿಮೆ. 51 ಓಮ್ ಜೋಡಿಸಿ ಇದು 50 ಎಂದು ಹೇಳಿದರೂ ಬಿಂದು ನಡುವೆಯೇ ನಿಲ್ಲುತ್ತದೆ, ಏಕೆಂದರೆ ಉಪಕರಣ ತನಗೆ ಕೊಟ್ಟ ಬಟ್ಟನ್ನು ಪ್ರಶ್ನಿಸದು. ಒಂದು ಓಮ್ ತಪ್ಪಿನಿಂದ ಆಂಟೆನಾ ಕೆಲಸಕ್ಕೆ ತೊಂದರೆಯಿಲ್ಲ. ಆದರೆ ಭಾರದ ಕನೆಕ್ಟರ್ ಸಡಿಲವಾಗಿ 65 ಓಮ್ ಆಗಿದ್ದರೂ ಅದು ಹಾಗೆಯೇ ತಲೆಯಾಡಿಸುತ್ತದೆ.

ಆದ್ದರಿಂದ ಕ್ಯಾಲಿಬ್ರೇಷನ್‌ಗೆ ಬಳಸದ ಬೇರೊಂದು ವಸ್ತುವಿನಿಂದ ಪರೀಕ್ಷಿಸಬೇಕು. 100 ಓಮ್ ರೆಸಿಸ್ಟರ್ ಜೋಡಿಸಿದರೆ ಎಸ್‌ಡಬ್ಲ್ಯುಆರ್ 2 ಬರಬೇಕು. 25 ಓಮ್‌ಗೂ 2 ಬರಬೇಕು. ಇನ್ನೂ ಸೊಗಸಾದ ಸಾಕ್ಷಿ ಟೇಪು. ಪಾಲಿಥಿನ್ ನಿರೋಧಕದ ಸಾಮಾನ್ಯ ಕೋಆಕ್ಸಿಯಲ್ ಕೇಬಲ್ಲಿನಲ್ಲಿ ತರಂಗ ಬೆಳಕಿನ ವೇಗದ ಶೇ. 66ರಷ್ಟು ವೇಗದಲ್ಲಿ ಸಾಗುತ್ತದೆ. ಒಂದು ಮೀಟರ್ ಕೇಬಲ್ಲಿನ ದೂರದ ತುದಿಯನ್ನು ತೆರೆದಿಟ್ಟರೆ ಸುಮಾರು 49.5 ಮೆಗಾಹರ್ಟ್ಸ್‌ನಲ್ಲಿ ಅದು ಈ ತುದಿಗೆ ಮುಚ್ಚಿದಂತೆ ಕಾಣಬೇಕು. ಪರದೆಯಲ್ಲಿ ಅದು ಅಲ್ಲೇ ಆಸುಪಾಸಿನಲ್ಲಿ ಕಂಡರೆ ಉಪಕರಣದ ಮಾತಿಗೆ ದರ್ಜಿಯ ಟೇಪು ರುಜು ಹಾಕಿದಂತಾಯಿತು.

ಮನೆಯಲ್ಲೇ ಮಾಡಿದ ಎಸ್‌ಡಬ್ಲ್ಯುಆರ್ ಬ್ರಿಡ್ಜ್‌ಗೂ ಇದೇ ಕ್ರಮ. ಅಲ್ಲಿ ಇನ್ನೊಂದು ಸುಲಭ ಪರೀಕ್ಷೆಯೂ ಇದೆ: ತೆರೆದ ತುದಿ ಮತ್ತು ಮುಚ್ಚಿದ ತುದಿ ಎರಡೂ ಶಕ್ತಿಯನ್ನು ಪೂರ್ತಿಯಾಗಿ ಹಿಂದಿರುಗಿಸುತ್ತವೆ, ಆದ್ದರಿಂದ ಎರಡಕ್ಕೂ ಒಂದೇ ಅಂಕಿ ಬರಬೇಕು. ಬೇರೆ ಬೇರೆ ಬಂದರೆ ದೋಷ ಬ್ರಿಡ್ಜಿನದೇ.

ಇದಕ್ಕೂ ಹೆಚ್ಚಿನ ಖಚಿತತೆ ಬೇಕೆನ್ನುವವರಿಗೆ ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯಗಳಿವೆ. ಎಲ್ಲ ಉಪಕರಣಗಳನ್ನೂ ಅಲ್ಲಿಗೆ ಹೊತ್ತೊಯ್ಯುವುದು ಯಾರ ಜೇಬಿಗೂ ಹಿತವಲ್ಲ. ಗೆಳೆಯರ ಬಳಗವೊಂದು ಸೇರಿ ಒಂದು ಒಳ್ಳೆಯ ಅಟೆನ್ಯುಯೇಟರನ್ನೋ ಒಂದು ಶಕ್ತಿಮಾಪಕವನ್ನೋ ಪರೀಕ್ಷೆ ಮಾಡಿಸಿಕೊಂಡು ಬಂದು, ಅದನ್ನು ಮನೆಯಿಂದ ಮನೆಗೆ ಕಳುಹಿಸಿಕೊಂಡರೆ ಉಳಿದವುಗಳನ್ನೆಲ್ಲ ಅದಕ್ಕೆ ತಾಳೆ ನೋಡಬಹುದು. ಹಾಗೆ ಸುತ್ತುವ ಡಬ್ಬಿಯ ಮೇಲೆ ಮೂರು ಸಂಗತಿಗಳು ಬರೆದಿರಬೇಕು: ಅಳೆದ ಅಂಕಿ, ಅಳೆದ ಕಂಪನಾಂಕ, ಅಳೆದ ದಿನಾಂಕ. ಡಬ್ಬಿಯನ್ನು ಯಾರಾದರೂ ಕೆಳಗೆ ಬೀಳಿಸಿದರೆ ಆ ದಿನಾಂಕವನ್ನು ಅವರೇ ಅಳಿಸಿಬಿಡಬೇಕು.